ಹೇಮಾಳ ಅರುವತ್ತೆರಡು ಹಸಿರು

ಹೇಮಾಳಿಗೆ ಯಾವುದನ್ನೂ ಒಂದೇ ಸಲಕ್ಕೆ ನಂಬಿ ಅಭ್ಯಾಸವಿಲ್ಲ. ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಮೂರು ಸಲ ಜಗ್ಗುತ್ತಾಳೆ. ಬಸ್ಸಿನ ಹಣೆಯ ಮೇಲೆ ಹೊನ್ನಾವರ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನನ್ನು ಕೇಳುತ್ತಾಳೆ; ಅವನು ಹೌದು ಎಂದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುತ್ತಾಳೆ. ಎರಡು ವರ್ಷದಿಂದ ಅದೇ ಬಸ್ಸು, ಅದೇ ಕಂಡಕ್ಟರ! ಇಂಥವಳನ್ನು ಊರವರು ‘ಅನುಮಾನದ ಹೇಮಾ’ ಎಂದು ಕರೆದರೆ ಅವರದ್ದೇನು ತಪ್ಪು? ಆದರೆ ಇದೇ ಗುಣಕ್ಕೆ ತಿಂಗಳು ತಿಂಗಳು ಸಂಬಳ ಕೊಡುವ ಕೆಲಸವೊಂದು ಲೋಕದಲ್ಲಿದೆ ಎಂದು ಗೊತ್ತಾದ ದಿನ, ಅವಳು ಬಸ್ಸಿನಲ್ಲಿ ಒಬ್ಬಳೇ ನಕ್ಕು ನಕ್ಕು ಸುಸ್ತಾದಳು.

ಆ ಕೆಲಸ ಸಿಕ್ಕಿದ್ದೂ ಒಂದು ಅನುಮಾನದಿಂದಲೇ. ಕುಮಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅವಳು ಎಂಟು ವರ್ಷ ಟೈಪು ಮಾಡಿಕೊಂಡಿದ್ದಳು. ಒಂದು ದಿನ ಸಂತೆಗುಳಿಯ ಮಹಾಗಣಪತಿ ಭಟ್ಟರು ಮನೆಯ ಉಪನಯನದ ಆಮಂತ್ರಣ ಹಿಡಿದು ಬಂದರು. ಮೂರು ಜನ ಓದಿ ಸರಿಯಿದೆ ಎಂದಿದ್ದ ಕಾಗದ. ಹೇಮಾ ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ಕಣ್ಣು ಹಾಯಿಸಿ, “ಸರ್, ಈ ತಾರೀಖು ಗುರುವಾರ ಬರೂದಿಲ್ಲ, ಶುಕ್ರವಾರ ಬತ್ತದೆ” ಎಂದಳು. ಭಟ್ಟರು ನಿಂತಲ್ಲೇ ಬೆವರಿದರು. ಮುನ್ನೂರು ಜನ ಒಂದು ದಿನ ಮುಂಚೆಯೇ ಬಂದು ಎಲೆಯ ಮುಂದೆ ಕೂತಿದ್ದರೆ ಗತಿಯೇನು! ಆ ಉಪಕಾರವನ್ನು ಅವರು ಮರೆಯಲಿಲ್ಲ. ಹೊನ್ನಾವರದಲ್ಲಿ ತಮ್ಮ ಹಳೆಯ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ‘ಕಡಲಪುಟ’ ಎಂಬ ವೆಬ್‌ಸೈಟು ಶುರು ಮಾಡಿದಾಗ ಮೊದಲು ಹೇಳಿ ಕಳಿಸಿದ್ದು ಹೇಮಾಳಿಗೆ.

ಕಡಲಪುಟದಲ್ಲಿ ಯಾರು ಬೇಕಾದರೂ ಬರೆಯಬಹುದು. ಕಥೆ, ಅಡುಗೆ, ಮದುವೆಯ ಕರೆಯೋಲೆ, ಮೀನು ಹಿಡಿದ ಫೋಟೋ, ದನಿಮುದ್ರಿಸಿದ ಹಾಡು, ಏನು ಬೇಕಾದರೂ ಹಾಕಬಹುದು. ಹಾಕುವ ಮೊದಲು ಕರಡಾಗಿ ಇಟ್ಟುಕೊಳ್ಳಬಹುದು. ಕರಡು ಬರೆದವರಿಗೆ ಮಾತ್ರ ಕಾಣುತ್ತದೆ. ಇಬ್ಬರು ಜೊತೆಗಾರರಾಗಿ ಒಂದೇ ಪುಟ ಮಾಡಲೂಬಹುದು. ಊರಿಗೆಲ್ಲ ಬಿಡುಗಡೆ ಮಾಡುವ ಮುಂಚೆ ಪರಿಚಯದ ನೂರು ಜನರಿಗೆ ಅದನ್ನು ಕೊಟ್ಟು ನೋಡುತ್ತಿದ್ದರು. ಸೈಟು ಕಟ್ಟಿದವನು ಶಿರಾಲಿಯ ಅನೂಪ. ಕಂಪ್ಯೂಟರಿನ ಕೋಡು ಬರೆಯುವುದರಲ್ಲಿ ಭಾರೀ ಚುರುಕು, ಬರೆದದ್ದನ್ನು ಮತ್ತೊಮ್ಮೆ ನೋಡುವುದರಲ್ಲಿ ಅಷ್ಟೇ ಸೋಮಾರಿ. ಅವನು ಬರೆದದ್ದನ್ನೆಲ್ಲ ಜಗ್ಗಿ ನೋಡುವುದು ಹೇಮಾಳ ಕೆಲಸ. ಪ್ರಕಟಿಸುವ ಗುಂಡಿಯನ್ನು ಎರಡು ಸಲ ಒತ್ತಿದರೆ ಬರಹ ಎರಡಾಗುತ್ತದೆಯೇ? ಒತ್ತದೆ ಬಿಡುತ್ತಾರೆಯೇ ನಮ್ಮ ಜನ! ಗಣಪತಿ ಹಬ್ಬದ ಫೋಟೋ ನಲವತ್ತು ಒಟ್ಟಿಗೇ ತುರುಕಿದರೆ ಪುಟ ತಡೆದುಕೊಳ್ಳುತ್ತದೆಯೇ? ಹೀಗೆ ಅರುವತ್ತೆರಡು ಪ್ರಶ್ನೆ. ದಿನಾ ಬೆಳಗಿನಿಂದ ಸಂಜೆಯವರೆಗೆ ಅವೇ ಅರುವತ್ತೆರಡು. ಸಂಜೆಗೆ ಅನೂಪ ಎಲ್ಲೋ ಒಂದು ಸಾಲು ಬದಲಿಸಿದರೆ ಮರುದಿನ ಮತ್ತೆ ಒಂದರಿಂದ ಶುರು.

“ಇದನ್ನ ಯಂತ್ರದ ಕೈಲಿ ಮಾಡಿಸೂಕೆ ಬತ್ತದೆ ಹೇಮಕ್ಕ” ಎಂದು ಅನೂಪ ಒಂದು ದಿನ ಬಾಯಿ ಬಿಟ್ಟ. ಅಷ್ಟೇ ಸಾಕಾಯಿತು. ಹೇಮಾ ಮೂರು ತಿಂಗಳು ವಿಡಿಯೋ ನೋಡಿದಳು, ಅವನ ತಲೆ ತಿಂದಳು, ನೋಟುಬುಕ್ಕು ತುಂಬಿಸಿದಳು. ಕೊನೆಗೊಂದು ದಿನ ಮಧ್ಯಾಹ್ನ ಕೀಲಿಯೊಂದನ್ನು ಒತ್ತಿ ಕೈ ಕಟ್ಟಿ ಕೂತಳು. ಅವಳ ಕಣ್ಣೆದುರೇ ಸೈಟು ತನ್ನಷ್ಟಕ್ಕೆ ತೆರೆಯಿತು. ‘ದೇವಿ’ ಎಂಬ ಹೆಸರಿನಲ್ಲಿ ಯಾರೋ ಒಳಗೆ ಬಂದರು. ದೇವಿ ಎಂದರೆ ಯಾರೂ ಅಲ್ಲ, ಹೇಮಾ ಬರೆದ ಯಂತ್ರದ ಬಳಕೆದಾರಳು. ದೇವಿ ಬರೆದಳು, ಫೋಟೋ ಹಾಕಿದಳು, ಗುಂಡಿಯನ್ನು ಎರಡೆರಡು ಸಲ ಒತ್ತಿದಳು, ಕೊನೆಗೆ ತಾನು ಹಾಕಿದ್ದನ್ನೆಲ್ಲ ತಾನೇ ಅಳಿಸಿ ಹೊರಗೆ ಹೋದಳು. ಸರಿಯಿದ್ದದ್ದಕ್ಕೆ ಹಸಿರು ಗುರುತು, ತಪ್ಪಿದ್ದಕ್ಕೆ ಕೆಂಪು. ಅರುವತ್ತೆರಡಕ್ಕೆ ಅರುವತ್ತೆರಡೂ ಹಸಿರು!

ಹೇಮಾ ಕುರ್ಚಿಯಿಂದ ಎದ್ದವಳು ಮೇಜಿಗೆ ಮೂರು ಸುತ್ತು ಬಂದಳು. ಮೂವತ್ತಾರು ವರ್ಷದ ಹೆಂಗಸು, ಕಾಲಿಗೆ ವಯರು ತೊಡರಿ ಬೀಳುವುದರಲ್ಲಿದ್ದಳು. ಎದುರಿನ ಹೋಟೆಲಿನಿಂದ ಬನ್ಸ್ ತರಿಸಿ ಎಲ್ಲರಿಗೂ ಹಂಚಿದಳು. ಕೆಳಗಿನ ಪ್ರೆಸ್ಸಿನವರಿಗೂ ಕೊಟ್ಟಳು, ಕರೆಂಟು ಬಿಲ್ಲು ಕೊಡಲು ಬಂದವನ ಕೈಗೂ ಒಂದು ಇಟ್ಟಳು. ಅವನು ಮದುವೆ ಗೊತ್ತಾಯಿತೇ ಎಂದು ಕೇಳಿದ. “ಅದಕ್ಕಿಂತ ದೊಡ್ಡದು ಮಾರಾಯಾ” ಎಂದಳು.

ಭಟ್ಟರು ಬನ್ಸ್ ತಿಂದರು, ಆದರೆ ಒಪ್ಪಲಿಲ್ಲ. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದು ಪ್ರೂಫು ನೋಡಿದ ಮನುಷ್ಯ. “ಯಂತ್ರ ನೋಡಿದ್ದನ್ನ ಮತ್ಯಾರು ನೋಡೂದು?” ಎಂದರು. ಮಂಗಳೂರಿನ ಒಂದು ಕಂಪನಿಯವರು ಪರೀಕ್ಷೆಯನ್ನೆಲ್ಲ ತಾವೇ ಮಾಡಿಕೊಡುತ್ತೇವೆ ಎಂದು ಬೆನ್ನು ಹತ್ತಿದ್ದರು, ಭಟ್ಟರಿಗೂ ಅರ್ಧ ಮನಸ್ಸಿತ್ತು. ಕೆಲಸವನ್ನು ಆ ಕಂಪನಿಗೆ ಕೊಟ್ಟರೆ ಹೇಮಾ ತಿಂಗಳ ಕೊನೆಗೆ ಮತ್ತೆ ಝೆರಾಕ್ಸ್ ಅಂಗಡಿಯ ಸ್ಟೂಲಿಗೇ. ಕೊನೆಗೆ ಭಟ್ಟರು ಒಂದು ಮಾತು ಹೇಳಿದರು. ದಿನಾ ಮಧ್ಯಾಹ್ನ ಎರಡಕ್ಕೆ ದೇವಿ ಓಡಲಿ. ಸೋಮವಾರದಿಂದ ಶನಿವಾರದವರೆಗೆ ಒಂದು ವಾರ ಪೂರ್ತಿ ಹಸಿರು ತೋರಿಸಿದರೆ ಕೆಲಸ ಹೇಮಾಳದ್ದೇ. ಆಗಲಿ ಎಂದು ಹೇಮಾ ಬೀಗಿಕೊಂಡು ಮನೆಗೆ ಹೋದಳು.

ಸೋಮವಾರ ಹಸಿರು, ಮಂಗಳವಾರ ಹಸಿರು. ಬುಧವಾರ ಅರುವತ್ತೊಂದು ಹಸಿರು, ಒಂದು ಕೆಂಪು.

ಕೆಂಪಾದದ್ದು ನಲವತ್ತೇಳನೆಯದು. ಅದರಷ್ಟು ಸಾಧು ಪರೀಕ್ಷೆ ಇನ್ನೊಂದಿರಲಿಲ್ಲ. ದೇವಿ ಒಂದು ಹಾಡಿನ ದನಿಯನ್ನು ಕರಡಾಗಿ ಇಡುತ್ತಾಳೆ, ಅರ್ಧ ಗಂಟೆ ಕಾಯುತ್ತಾಳೆ, ಕರಡು ಇಟ್ಟ ಹಾಗೇ ಇದೆಯೇ, ಯಾರೂ ಮುಟ್ಟಿಲ್ಲ ತಾನೇ ಎಂದು ನೋಡುತ್ತಾಳೆ. ಪ್ರತಿಕ್ರಿಯೆಗಳ ಲೆಕ್ಕ ಸೊನ್ನೆ ಇರಬೇಕು. ಆ ದಿನ ಒಂದು ಇತ್ತು. ಯಾರಿಗೂ ಕಾಣದ ಕರಡಿನ ಮೇಲೆ ಪ್ರತಿಕ್ರಿಯೆ ಬರೆಯುವವರು ಯಾರು? ಭೂತವೇ? ಹುಡುಕೋಣವೆಂದರೆ ದೇವಿ ಎಲ್ಲವನ್ನೂ ಗುಡಿಸಿ ಅಳಿಸಿ ಹೋಗಿದ್ದಳು. ಅಷ್ಟು ಚೊಕ್ಕಟ ಕಲಿಸಿದ್ದೂ ಹೇಮಾಳೇ. ನೆಟ್‌ವರ್ಕಿನ ಮೇಲೆ ತಪ್ಪು ಹೊರಿಸಿ ಎಲ್ಲರೂ ಚಹಾ ಕುಡಿದರು.

ಆ ಹಾಡಿನ ವಿಷಯ ಇಲ್ಲೇ ಹೇಳಬೇಕು. ಹೇಮಾಳ ತಾಯಿ ಬಂಗಾರಿ ಕುಮಟೆಯ ಹೊರಗಿನ ತಮ್ಮ ಕೊಪ್ಪದಲ್ಲೆಲ್ಲ, ಎಂದರೆ ಆ ಸಣ್ಣ ಕೇರಿಯಲ್ಲೆಲ್ಲ, ಹೆಸರುವಾಸಿ ಹಾಡುಗಾರ್ತಿ. ಅವರ ಹಾಡಿಗೆ ಎರಡು ಕಡೆ. ಒಂದು ಕಡೆಯವರು ಸಾಲನ್ನು ಹಾಕಬೇಕು, ಇನ್ನೊಂದು ಕಡೆಯವರು ಅದನ್ನು ಎತ್ತಿಕೊಂಡು ಉತ್ತರ ಕೊಡಬೇಕು. ಹಾಕಿದ ಸಾಲನ್ನು ಎತ್ತದೆ ಎದ್ದು ಹೋಗುವುದೆಂದರೆ, ಮನೆಗೆ ಬಂದವರನ್ನು ಮಾತಾಡಿಸದೆ ಅಂಗಳದಲ್ಲೇ ನಿಲ್ಲಿಸಿದಷ್ಟು ದೊಡ್ಡ ತಪ್ಪು. ಬಂಗಾರಿಯ ಜೊತೆಗೆ ಎತ್ತುತ್ತಿದ್ದ ಮಾದೇವಿ ಮಗಳ ಬಾಣಂತನಕ್ಕೆ ಭಟ್ಕಳಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು. ಅಂದಿನಿಂದ ಬಂಗಾರಿ ಎರಡೂ ಕಡೆಯನ್ನು ಒಬ್ಬಳೇ ಹಾಡುತ್ತಿದ್ದಳು. ಹೇಮಾ ಹಾಡಬಹುದಿತ್ತಲ್ಲ ಎಂದರೆ, ಅವಳಿಗೆ ತನ್ನ ದನಿಯ ಮೇಲೂ ಅನುಮಾನ. ತಾಯಿಯ ಎದುರು ಒಂದು ದಿನವೂ ಬಾಯಿ ತೆರೆದವಳಲ್ಲ. ಆದರೆ ದೇವಿಯ ಪರೀಕ್ಷೆಗೆ ಒಂದು ಚೂರು ದನಿ ಬೇಕಿತ್ತು. ಮೆಟ್ಟಿಲಿನ ಕೆಳಗೆ ಯಾರೂ ಇಲ್ಲದ್ದನ್ನು ಮೂರು ಸಲ ನೋಡಿಕೊಂಡು, ಸೊಳ್ಳೆಯಷ್ಟು ಸಣ್ಣ ದನಿಯಲ್ಲಿ ತಾಯಿಯ ಹಾಡಿನ ಮೊದಲ ಸಾಲೊಂದನ್ನು ಮೊಬೈಲಿಗೆ ಹೇಳಿ ಓಡಿ ಬಂದಿದ್ದಳು:

“ಗದ್ದೆಯ ಬದುವಲಿ ಗೆಜ್ಜೆಯ ದನಿ ಕೇಳ್ತು, ಬಂದವರ್ಯಾರೇ ತಂಗೀ?”

ಗುರುವಾರ, ಶುಕ್ರವಾರ ಹಸಿರು. ಶನಿವಾರ ಮತ್ತೆ ಅದೇ ನಲವತ್ತೇಳು, ಅದೇ ಕೆಂಪು, ಅದೇ ಒಂದು.

ಭಟ್ಟರು ಕನ್ನಡಕ ತೆಗೆದು ಒರೆಸಿದರು. “ಮುಂದಿನ ಸೋಮವಾರದ ಆಚೆ ಸೋಮವಾರ ಬಿಡುಗಡೆ ಹೇಮಾ. ಇನ್ನೊಂದು ವಾರ ಕೊಡ್ತೆ. ಬರೂ ಬುಧವಾರವೂ ಕೆಂಪಾದ್ರೆ ನಾ ಮಂಗಳೂರಿನವರಿಗೆ ಹೂಂ ಹೇಳ್ತೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಹೇಮಾಳಿಗೆ ಹೆಚ್ಚು ನೋವಾಯಿತು. ಭಾನುವಾರವಿಡೀ ಅವಳು ನಲವತ್ತೇಳನೆಯದನ್ನು ಬಿಚ್ಚಿ ಬಿಚ್ಚಿ ನೋಡಿದಳು. ಸಾಲುಸಾಲಾಗಿ ಓದಿದಳು, ತಿರುಗಿ ಬರೆದಳು. ತಪ್ಪೆಂಬುದು ಸಾಸಿವೆಯಷ್ಟೂ ಸಿಗಲಿಲ್ಲ. ತಾಯಿ ಬಂಗಾರಿ ಬಸಳೆಯ ಕಟ್ಟು ಕಟ್ಟುತ್ತ ಅವಳನ್ನೇ ನೋಡಿ, ಏನೋ ಹೇಳಲು ಹೋಗಿ, ಸುಮ್ಮನೆ ನಕ್ಕು ಒಳಗೆ ಹೋದಳು.

ಸೋಮವಾರ, ಮಂಗಳವಾರ ಎಂದಿನಂತೆ ಹಸಿರು. ಬುಧವಾರ ಬೆಳಿಗ್ಗೆ ಅನೂಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. “ಹೇಮಕ್ಕ, ಸೊನ್ನೆ ಇರಬೇಕು ಅಂತ ಬರೆದಿದ್ಯಲ, ಅಲ್ಲಿ ‘ಸೊನ್ನೆ ಅಥವಾ ಒಂದು’ ಅಂತ ಬರೆ. ಯಾವಾಗ್ಲೂ ಹಸಿರು. ಸರ್‌ಗೆ ಎಂತ ಗೊತ್ತಾತದೆ?”

ಎಷ್ಟು ಸುಲಭ! ಎರಡೇ ಪದ. ಹೇಮಾ ಆ ಸಾಲಿನ ಮೇಲೆ ಬೆರಳಿಟ್ಟಳು ಕೂಡ. ಝೆರಾಕ್ಸ್ ಅಂಗಡಿಯ ಸ್ಟೂಲು, ಶಾಯಿಯ ವಾಸನೆ ಎಲ್ಲ ಕಣ್ಣ ಮುಂದೆ ಬಂದವು. ಆದರೆ ಬೀಗವನ್ನು ಮೂರು ಸಲ ಜಗ್ಗುವವಳು, ಜಗ್ಗಿದಾಗ ಬಾಗಿಲು ತೆರೆದುಕೊಂಡರೆ ಹಾಕಿದೆ ಎಂದು ಹೇಳಿ ಹೋಗುವುದು ಹೇಗೆ? ಆಗುವುದೇ ಇಲ್ಲ. ಅವಳು ಸೊನ್ನೆಯನ್ನು ಸೊನ್ನೆಯಾಗಿಯೇ ಬಿಟ್ಟು, ಬೇರೊಂದು ಸಾಲನ್ನು ತೆಗೆದಳು. ದೇವಿ ಹೋಗುವಾಗ ಎಲ್ಲವನ್ನೂ ಅಳಿಸುವ ಸಾಲು. “ಇವತ್ತು ಗುಡಿಸೂದು ಬ್ಯಾಡ. ಯಾರು ಬಂದು ಹೋದ್ರು ಅಂತ ನೋಡ್ವಾ” ಎಂದಳು.

ಎರಡು ಗಂಟೆಗೆ ದೇವಿ ಓಡಿದಳು. ಭಟ್ಟರೂ ಬಂದು ಹಿಂದೆ ನಿಂತರು. ಹಸಿರು, ಹಸಿರು, ಹಸಿರು. ನಲವತ್ತೇಳನೆಯದಕ್ಕೆ ಅರ್ಧ ಗಂಟೆ ಕಾಯುವುದಿತ್ತು. ಮೂವರೂ ಉಗುರು ಕಚ್ಚುತ್ತ ಕಾದರು. ಎರಡು ನಲವತ್ತಕ್ಕೆ ಟಪ್ಪೆಂದು ಕೆಂಪು ಬಂತು. ಭಟ್ಟರು ಉಸಿರು ಬಿಟ್ಟು ಮೊಬೈಲಿಗೆ ಕೈ ಹಾಕಿದರು. “ಒಂದು ನಿಮಿಷ ಸರ್!” ಎಂದು ಹೇಮಾ ಕರಡನ್ನು ತೆರೆದಳು. ಅದರ ಕೆಳಗೆ ಒಂದು ಪ್ರತಿಕ್ರಿಯೆ ಕೂತಿತ್ತು. ಬರೆದದ್ದಲ್ಲ, ದನಿ. ಹೇಮಾ ಸ್ಪೀಕರು ದೊಡ್ಡದು ಮಾಡಿ ಒತ್ತಿದಳು.

ಮೊದಲು ಕೇಳಿದ್ದು ಕುಮಟೆಯ ಪೇಟೆಯ ಗದ್ದಲ. ರಿಕ್ಷಾದ ಹಾರ್ನು, ಯಾರೋ ಮೊಗೆಕಾಯಿ ಎಷ್ಟೆಂದು ಕೇಳುವ ದನಿ. ಆಮೇಲೆ ಸ್ಪಷ್ಟವಾಗಿ: “ತಡೀರಿ ಅಮ್ಮಾ, ಹಾಡು ಮುಗೀಲಿ.” ಅದರ ಬೆನ್ನಿಗೇ ಆಫೀಸಿನ ಗಾಜು ಅದುರುವ ಹಾಗೆ ಬಂತು ಹಾಡು:

“ಬಂದದ್ದು ಬೆಳ್ಳಕ್ಕಿ, ಗೆಜ್ಜೆಯ ಕಾಲಿಗೆ ಕಟ್ಟಿದವರ್ಯಾರೇ ಅಕ್ಕಾ?”

“ಅಯ್ಯೋ ಅವ್ವಿ!” ಎಂದಳು ಹೇಮಾ.

ಎಲ್ಲವೂ ಒಂದೇ ಏಟಿಗೆ ಬಿಚ್ಚಿಕೊಂಡಿತು. ಬುಧವಾರ ಮತ್ತು ಶನಿವಾರ ಬಂಗಾರಿ ತರಕಾರಿ ಮಾರಲು ಕುಮಟೆಯ ಪೇಟೆಗೆ ಹೋಗುತ್ತಾಳೆ. ಕೊಪ್ಪದಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇಲ್ಲ, ಪೇಟೆಯಲ್ಲಿದೆ. ಸೈಟನ್ನು ಮೊದಲು ಕೊಟ್ಟು ನೋಡಿದ ಆ ನೂರು ಜನ ಪರಿಚಯದವರಲ್ಲಿ ಅವಳೂ ಒಬ್ಬಳು. ತಿಂಗಳ ಹಿಂದೆ ಜೊತೆಗಾರರ ಪುಟವನ್ನು ನೋಡಲೆಂದು ಹೇಮಾಳೇ ಒಮ್ಮೆ ದೇವಿಯನ್ನೂ ಬಂಗಾರಿಯನ್ನೂ ಜೊತೆ ಮಾಡಿದ್ದಳು. ಒಂದೇ ಒಂದು ಪುಟಕ್ಕೆ, ಒಂದೇ ಒಂದು ಸಲ. ಆದರೂ ಅಂದಿನಿಂದ ದೇವಿ ಏನೇ ಇಟ್ಟರೂ ಬಂಗಾರಿಯ ಮೊಬೈಲು ಟಿಂಗ್ ಎನ್ನುತ್ತಿತ್ತು. ಹಾಕಿದ ಸಾಲು ಕಿವಿಗೆ ಬಿದ್ದ ಮೇಲೆ ಬಂಗಾರಿ ಎತ್ತದೆ ಬಿಡುತ್ತಾಳೆಯೇ? ಗಿರಾಕಿ ಕಾಯಲಿ!

ಹಾಡು ಕೇಳಿ ಬಿದ್ದು ಬಿದ್ದು ನಗುತ್ತಿದ್ದ ಅನೂಪನ ನಗು ನಡುವೆಯೇ ನಿಂತಿತು. ಅವನು ಬಗ್ಗಿ ತನ್ನ ಕೋಡು ನೋಡಿದ. “ಹೇಮಕ್ಕ, ನಿನ್ನ ಪರೀಕ್ಷೆ ಸರಿ ಇತ್ತು” ಎಂದ ಮೆಲ್ಲಗೆ. “ತಪ್ಪು ನಂದು. ಒಮ್ಮೆ ಜೊತೆ ಆದವರಿಗೆ ಆಚೆಯವರ ಕರಡು ಎಲ್ಲಾ ಕಾಣ್ತಾ ಅದೆ. ಯಾವತ್ತಿಗೂ.”

“ಎಲ್ಲಾ ಅಂದ್ರೆ?” ಎಂದರು ಭಟ್ಟರು.

“ಎಲ್ಲಾ ಅಂದ್ರೆ ಎಲ್ಲಾ ಸರ್.”

ಭಟ್ಟರ ಮುಖ ಬಿಳಿಚಿತು. ಕಾರಣವಿತ್ತು. ಹೆಂಡತಿಯ ತಮ್ಮ ಪ್ರದೀಪನೊಡನೆ ಜೊತೆಗೂಡಿ ಅವರು ಅಡಿಕೆ ಸುಲಿಯುವ ಬಗ್ಗೆ ಒಂದು ಪುಟ ಮಾಡಿದ್ದರು. ಅದೇ ಪ್ರದೀಪ ಓಂ ಬೀಚಿನ ಹತ್ತಿರ ನಡೆಸುವ ಗೆಸ್ಟ್ ಹೌಸಿನ ಹಾಸಿಗೆಯ ಮೇಲೆ, ತಿಗಣೆಯ ಮೇಲೆ, ಆ ತಿಗಣೆಗೂ ಅವನು ಬಾಡಿಗೆ ಹಾಕುವ ಬಗೆಯ ಮೇಲೆ ಒಂದು ಲಘು ಬರಹವನ್ನು ಕರಡಾಗಿ ಇಟ್ಟುಕೊಂಡು, ಬೇಜಾರಾದಾಗಲೆಲ್ಲ ಓದಿ ಒಬ್ಬರೇ ನಗುತ್ತಿದ್ದರು. ಕೂಡಲೇ ಅವನಿಗೇ ಫೋನು ಹಚ್ಚಿದರು. “ಭಾವಾ, ಕಡಲಪುಟ ಏನಾದ್ರೂ ನೋಡಿದ್ಯನಾ ಇತ್ಲಾಗೆ?”

“ಇಲ್ಲೆ ಭಾವಾ, ಪುರುಸೊತ್ತೇ ಇಲ್ಲೆ. ಎಂತ ಇದ್ದು ಅದ್ರಲ್ಲಿ?”

“ಎಂತದೂ ಇಲ್ಲೆ! ನೋಡೂದೇ ಬ್ಯಾಡ, ಸೋಮವಾರದವರೆಗೆ ಮುಟ್ಟಡ!” ಎಂದು ಫೋನು ಇಟ್ಟ ಭಟ್ಟರು ಕುರ್ಚಿಗೆ ಕುಸಿದು, ಎರಡು ಲೋಟ ನೀರು ಕುಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಊರಿಗೆಲ್ಲ ಬಿಡುಗಡೆಯಾದ ಮೇಲೆ ಇದು ಹೊರಬಿದ್ದಿದ್ದರೆ ಎಷ್ಟು ಮನೆಯ ಎಷ್ಟು ಭಾವಂದಿರು ಕೋರ್ಟು ಕಚೇರಿ ಹತ್ತುತ್ತಿದ್ದರೋ. “ಅನೂಪ, ಇದನ್ನ ಮೊದ್ಲು ಸರಿ ಮಾಡು. ಶನಿವಾರ ದೇವಿ ಓಡ್ಲಿ. ಆ ದಿನ ಹಸಿರಾದ್ರೆ ಮಂಗಳೂರಿನವರಿಗೆ ನಾನೇ ಬ್ಯಾಡ ಹೇಳ್ತೆ” ಎಂದರು. ಹೇಮಾಳಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ಅಂದು ಸಂಜೆ ಮನೆಯಲ್ಲಿ ಅವಳು ತಾಯಿಯ ಎದುರು ಕೂತು ವಿವರವಾಗಿ ಹೇಳಿದಳು. “ಅವ್ವಿ, ದೇವಿ ಅಂದ್ರೆ ಮನುಷ್ಯರಲ್ಲ. ಯಂತ್ರ. ನಾ ಬರೆದದ್ದು.”

“ಆತು” ಎಂದಳು ಬಂಗಾರಿ.

“ಅದು ಕೇಳಿದ್ದಕ್ಕೆಲ್ಲ ನೀ ಉತ್ತರ ಕೊಡೂಕೆ ಹೋಗಬ್ಯಾಡ.”

“ಯಂತ್ರ ಆದ್ರೆ ಎಂತ? ಸಾಲು ಹಾಕಿದ್ದು ಹೌದಲ್ದಾ?” ಎಂದು ಬಂಗಾರಿ ಒಲೆಯ ಕಡೆ ತಿರುಗಿದಳು. ತುಟಿಯ ಅಂಚಿನಲ್ಲಿ ಭಾನುವಾರದ ಅದೇ ನಗು. ಹೇಮಾಳಿಗೆ ಅದು ಅರ್ಥವಾಗಲಿಲ್ಲ.

ಅನೂಪ ಗುರುವಾರವೇ ಸರಿ ಮಾಡಿದ. ಗುರುವಾರ, ಶುಕ್ರವಾರ ಹಸಿರಾದವು. ಆದರೆ ಆ ಹಸಿರಿಗೆ ಬೆಲೆಯಿಲ್ಲವೆಂದು ಮೂವರಿಗೂ ಗೊತ್ತಿತ್ತು. ಬಂಗಾರಿ ಪೇಟೆಗೆ ಹೋಗುವ ಶನಿವಾರವೇ ನಿಜವಾದ ಪರೀಕ್ಷೆ. “ಇವತ್ತು ಹೋಗ್ತೀಯಲ್ದಾ ಅವ್ವಿ? ಮೊಬೈಲು ಚಾರ್ಜು ಅದೆಯಾ? ಹೋಗೂದು ಖರೆಯಾ?” ಎಂದು ಹೇಮಾ ಬೆಳಿಗ್ಗೆ ಮೂರು ಸಲ ಕೇಳಿದಳು. ನಾಲ್ಕನೆಯ ಸಲಕ್ಕೆ ಬಂಗಾರಿ ಹರಿವೆ ಸೊಪ್ಪಿನ ಕಟ್ಟು ಎತ್ತಿ ತೋರಿಸಿದಳು.

ಎರಡು ಗಂಟೆ. ದೇವಿ ಓಡಿದಳು. ನಲವತ್ತಾರರವರೆಗೆ ಹಸಿರು. ಆಮೇಲೆ ಅರ್ಧ ಗಂಟೆಯ ಕಾಯುವಿಕೆ. ಭಟ್ಟರು ಅದೇ ಪೇಪರನ್ನು ಮೂರು ಸಲ ಮಗುಚಿದರು. ಎರಡು ನಲವತ್ತಕ್ಕೆ ನಲವತ್ತೇಳನೆಯದು ಹಸಿರಾಯಿತು. ಮಿಕ್ಕವು ಕಾಳು ಸುರಿದ ಹಾಗೆ ಪಟಪಟನೆ ಬಂದವು. ಅರುವತ್ತೆರಡು! ಅನೂಪ ಮೇಜು ಗುದ್ದಿದ, ಭಟ್ಟರು “ಬನ್ಸ್ ತರ್ಸು!” ಎಂದು ಕೂಗಿದರು. ಹೇಮಾ ಮಾತ್ರ ಕೂತಲ್ಲೇ ಕೂತಿದ್ದಳು. ಹಸಿರಾದದ್ದು ನಿಜವೇ? ಅಥವಾ ಅವ್ವಿ ಇವತ್ತು ಮೊಬೈಲು ನೋಡಲೇ ಇಲ್ಲವೇ?

ಆಗ ಅವಳ ಫೋನು ಹೊಡೆದುಕೊಂಡಿತು. ಅವ್ವಿ!

“ಮಗಾ, ನಾ ಮೊಬೈಲು ಹಿಡ್ಕಂಡೇ ಕೂತಿದ್ದೆ. ಇವತ್ತು ನೀ ಹಾಡ್ಲೇ ಇಲ್ಲ.”

ಹೇಮಾ ಕೈ ಮೇಲೆತ್ತಿ ಗಾಳಿಗೆ ಒಂದು ಗುದ್ದು ಕೊಟ್ಟಳು. ಕಾಣಲಿಲ್ಲ! ಅವ್ವಿ ಕಾದು ಕೂತರೂ ಕರಡು ಕಾಣಲಿಲ್ಲ! ಇದಕ್ಕಿಂತ ದೊಡ್ಡ ಹಸಿರು ಯಾವುದಿದೆ? ಕುಣಿಯಲು ಎದ್ದವಳು ಅರ್ಧಕ್ಕೇ ನಿಂತಳು. “ನಾನಾ? ಅವ್ವಿ, ಹೇಳಿದ್ನಲ, ಅದು ದೇವಿ, ಯಂತ್ರ...”

“ಯಂತ್ರಕ್ಕೆ ದನಿ ಕೊಟ್ಟದ್ದು ಯಾರು? ಹೆತ್ತೋಳಿಗೆ ಗೊತ್ತಾಗೂದಿಲ್ವನೇ? ಮೊದ್ನೇ ದಿನವೇ ಗೊತ್ತಾತು. ಮಗಳು ನಾಚ್ಕೆಗೆ ಬೇರೆ ಹೆಸರಲ್ಲಿ ಕಲೀತಾ ಅದೆ ಅಂದ್ಕಂಡೆ. ಕೇಳಿದ್ರೆ ಎಲ್ಲಿ ಬಿಟ್ಟುಬಿಡ್ತೀಯ ಅಂತ ಸುಮ್ನಿದ್ದೆ. ನೀ ಒಂದೇ ಸಾಲು ಹಾಕ್ತೀಯ, ನಾ ಎತ್ತಿದ್ದಕ್ಕೆ ಮುಂದಿಂದು ಬರೂದೇ ಇಲ್ಲ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾಯ್ತಾ ಇದ್ದೆ.”

ಎಷ್ಟೊಂದು ಸಂತೋಷ ಒಂದೇ ಮಧ್ಯಾಹ್ನಕ್ಕೆ! ಎದುರಿಗೆ ಭಟ್ಟರು, ಪಕ್ಕದಲ್ಲಿ ಅನೂಪ, ಬಾಗಿಲಲ್ಲಿ ಬನ್ಸಿನ ಪೊಟ್ಟಣ ಹಿಡಿದು ನಿಂತ ಹೋಟೆಲಿನವರು. ಇಷ್ಟು ಜನರ ಮುಂದೆ, ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಯಾರಿದ್ದಾರೆ ಯಾರಿಲ್ಲ ಎಂದು ಒಂದು ಸಲವೂ ತಿರುಗಿ ನೋಡದೆ, ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ದನಿ ಎತ್ತಿದಳು:

“ಕಟ್ಟಿದವರ್ಯಾರಿಲ್ಲ, ಹಸಿರು ಹುಲ್ಲಿನ ಎಳೆ ಸುತ್ತಿತ್ತೇ ತಂಗೀ...”

ದನಿ ನಡುವೆ ಒಂದು ಕಡೆ ಒಡೆಯಿತು. ಶ್ರುತಿ ಎಲ್ಲಿಗೋ ಹೋಯಿತು. ಫೋನಿನ ಆ ತುದಿಯಲ್ಲಿ, ಪೇಟೆಯ ಗದ್ದಲದ ನಡುವೆ, “ತಡೀರಿ ಅಮ್ಮಾ” ಎಂದು ಯಾರಿಗೋ ಹೇಳಿ, ಬಂಗಾರಿ ಮುಂದಿನ ಸಾಲನ್ನು ಎತ್ತಿಕೊಂಡಳು.